ಮನೆಯವರನ್ನೂ ಕೂರಿಸಿಕೊಂಡ ಚಿಕಿತ್ಸೆ

ಹರೆಯದ ಮಗನಿಗೆ ಸ್ಕಿಜೋಫ್ರೇನಿಯಾ ಬಂದರೆ ಹೆತ್ತವಳೇ ಕಾರಣ ಎಂದು ಮನೋವೈದ್ಯರೇ ನಂಬಿದ್ದ ಕಾಲವೊಂದಿತ್ತು. 1948ರಲ್ಲಿ ಅಮೆರಿಕದ ಫ್ರೀಡಾ ಫ್ರಾಮ್-ರೈಕ್‌ಮನ್ ಅವರ ಬರಹದಿಂದ ಹಬ್ಬಿದ ಈ ವಾದಕ್ಕೆ ಮುಂದಿನ ಸಂಶೋಧನೆಯಲ್ಲಿ ಆಧಾರ ಸಿಗಲಿಲ್ಲ. ಅಷ್ಟರಲ್ಲಿ ಎಷ್ಟೋ ತಾಯಂದಿರು ಆ ಅಪವಾದ ಹೊತ್ತು ಬದುಕಿದ್ದರು. ಕುಟುಂಬ ಚಿಕಿತ್ಸೆಯ ಚರಿತ್ರೆಯಲ್ಲಿ ಈ ಅನ್ಯಾಯವನ್ನು ಮೊದಲು ಹೇಳಬೇಕು. ಮನೆಯವರನ್ನು ದೂರದಿಂದ ದೂಷಿಸುವುದನ್ನು ಬಿಟ್ಟು, ಎದುರಿಗೆ ಕೂರಿಸಿ ಮಾತಾಡಿಸತೊಡಗಿದ್ದೇ ಈ ಕ್ಷೇತ್ರದ ದೊಡ್ಡ ನಡೆ.

1950ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ರೋಗಿಯ ಜೊತೆಗೆ ಮನೆಮಂದಿಯನ್ನೂ ಆಸ್ಪತ್ರೆಯಲ್ಲೇ ಇರಿಸಿಕೊಂಡು ಅಧ್ಯಯನ ಮಾಡಿದರು. ಈ ವಿದ್ಯೆಯನ್ನು ಬಡವರ ಮನೆಗಳತ್ತ ತಿರುಗಿಸಿದವರಲ್ಲಿ ಮುಖ್ಯರು ಸಾಲ್ವಡಾರ್ ಮಿನುಚಿನ್. ಅವರು ಕೆಲಸ ಮಾಡುತ್ತಿದ್ದ ನ್ಯೂಯಾರ್ಕ್ ರಾಜ್ಯದ ವಿಲ್ಟ್‌ವಿಕ್ ಶಾಲೆಯಲ್ಲಿ ತಪ್ಪುದಾರಿ ಹಿಡಿದ ಹುಡುಗರಿದ್ದರು. ಅಲ್ಲಿ ಸುಧಾರಿಸಿದವರೂ ಮನೆಗೆ ಮರಳಿದ ಮೇಲೆ ಮತ್ತೆ ಜಾರುತ್ತಿದ್ದರು. ಹಾಗಾಗಿ ಮಿನುಚಿನ್ ತಂಡ ಮನೆಯವರನ್ನೇ ಕರೆಸಿತು. ಯಾರ ಮಾತಿಗೆ ಯಾರು ಅಡ್ಡ ಬರುತ್ತಾರೆ, ಅಧಿಕಾರ ಯಾರ ಕೈಯಲ್ಲಿದೆ ಎಂದು ಕಣ್ಣಾರೆ ನೋಡಿತು. ಮುಂದೆ ಅವರ ಪದ್ಧತಿಯಲ್ಲಿ ಕುರ್ಚಿ ಬದಲಿಸಿ ಕೂರಿಸುವುದು, ತಾಯಿ ಮಗನೊಂದಿಗೆ ನೇರವಾಗಿ ಮಾತಾಡುವಂತೆ ಮಾಡುವುದು ಚಿಕಿತ್ಸೆಯ ಭಾಗವೇ ಆದವು. ವಿಲ್ಟ್‌ವಿಕ್ ಅನುಭವದ ಪುಸ್ತಕ 1967ರಲ್ಲಿ ಬಂತು.

ನಮ್ಮಲ್ಲಿ ಕುಟುಂಬ ಆಸ್ಪತ್ರೆಯೊಳಕ್ಕೆ ಬಂದದ್ದು ಬೇರೆ ಬಾಗಿಲಿನಿಂದ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದೊಳಗೆ ಡೇರೆ ಹಾಕಿಸಿ ಬಂಧುಗಳನ್ನು ರೋಗಿಯ ಜೊತೆ ಉಳಿಸಿಕೊಂಡರು. ಸಿಬ್ಬಂದಿ ಕಡಿಮೆ, ಹಾಸಿಗೆ ಕಡಿಮೆ. ಆದರೂ ಅದನ್ನು ಬರೀ ಕೊರತೆಯ ಉಪಾಯ ಎನ್ನಲಾರೆ: ಕಾಯಿಲೆಯ ಬಗ್ಗೆ ತಿಳಿದುಕೊಂಡ ಮನೆಯವರಿಗೆ ರೋಗಿಯನ್ನು ಮರಳಿ ಕರೆದೊಯ್ಯುವ ಧೈರ್ಯ ಬರುತ್ತಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಮನೋಚಿಕಿತ್ಸಾ ಕೇಂದ್ರ ಬೆಳೆಯಿತು.

ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಎಲ್ಲರ ಮಾತೂ ಕೇಳಿಸುತ್ತದೆಯೇ? 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ರೇಚಲ್ ಹೇರ್-ಮಸ್ಟಿನ್ ಈ ಕ್ಷೇತ್ರವನ್ನು ಸ್ತ್ರೀವಾದಿ ದೃಷ್ಟಿಯಿಂದ ಪರೀಕ್ಷಿಸಿದರು. ಹೊಡೆಯುವವನೂ ಹೊಡೆಸಿಕೊಳ್ಳುವವಳೂ ಸಮಸ್ಯೆಯಲ್ಲಿ ಸಮಪಾಲುದಾರರು ಎನ್ನುವ ಲೆಕ್ಕಾಚಾರವನ್ನು ಸ್ತ್ರೀವಾದಿಗಳು ಒಪ್ಪಲಿಲ್ಲ. ಆಸ್ಟ್ರೇಲಿಯಾದ ಮೈಕೆಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ಮಗುವನ್ನೂ ಅದರ ತೊಂದರೆಯನ್ನೂ ಬೇರ್ಪಡಿಸಿ ನೋಡುವುದನ್ನು ಕಲಿಸಿದರು. ತೊಂದರೆಗೊಂದು ಹೆಸರಿಟ್ಟು, ಮನೆಮಂದಿ ಎಲ್ಲ ಸೇರಿ ಅದರ ವಿರುದ್ಧ ನಿಲ್ಲುವ ವಿಧಾನವಿದು. ಇದರಿಂದ ಮಗುವಿನ ಮೇಲಿನ ಅವಮಾನದ ಭಾರ ಇಳಿಯುತ್ತದೆ. ನನಗೆ ಅತ್ಯಂತ ಮಾನವೀಯವಾಗಿ ಕಾಣುವುದು ಇದೇ.

2022ರ ಅಕ್ಟೋಬರಿನಿಂದ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಸಿಗುತ್ತಿದೆ. ಅಪ್ಪ ಅಮ್ಮನ ಎದುರು ಬಾಯಿ ಬಿಡಲಾರದ ಹುಡುಗಿಗೆ ಇದೊಂದು ದಾರಿ. ಜಾತಿ ಮೀರಿದ ಪ್ರೀತಿಯೋ ಮನೆಯೊಳಗಿನ ದೌರ್ಜನ್ಯವೋ ಇರುವಲ್ಲಿ ಮೊದಲ ಭೇಟಿಯಲ್ಲೇ ಎಲ್ಲರನ್ನೂ ಸೇರಿಸುವುದು ಅಪಾಯ. ಎಳೆಯರೊಂದಿಗೆ ಮೊದಲು ಏಕಾಂತದಲ್ಲಿ ಮಾತಾಡಬೇಕು. ಗುಟ್ಟು ಕಾಯುವ ಭರವಸೆಗೂ ಮಿತಿಯಿದೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಆಪ್ತಸಮಾಲೋಚಕರು ಇದನ್ನು ಮಾತು ಶುರುವಾಗುವ ಮುನ್ನವೇ ಆ ಹುಡುಗಿಗೆ ಬಿಡಿಸಿ ಹೇಳಬೇಕು.