ಇಲಿ ಬಿದ್ದರೆ ಊರು ಬಿಡು

ಈ ಸಲ ಬೆಳೆ ವಿಚಾರ ಅಲ್ಲ, ಇಲಿ ವಿಚಾರ. ವಸಿ ಉದ್ದ ಆಗುತ್ತೆ, ಬಿಡುವು ಮಾಡಿಕೊಂಡು ಓದಿ.

ಹೋದ ಸೋಮವಾರ ಒತ್ತಾರೆ ಬಾಳೆಗೆ ನೀರು ಬಿಡೋಣ ಅಂತ ತೋಟಕ್ಕೆ ಹೋದಾಗ ಬದುವಿನ ಪಕ್ಕ ಆರು ಇಲಿ ಸತ್ತು ಬಿದ್ದಿದ್ದವು. ಗಾಯ ಇಲ್ಲ, ನಾಯಿ ಕಚ್ಚಿದ ಗುರುತೂ ಇಲ್ಲ. ಜೊತೇಲಿ ಬಂದಿದ್ದ ನನ್ನ ತಮ್ಮನ ಮಗ ಒಂದನ್ನ ಬಾಲ ಹಿಡಿದು ಎಸೆಯೋಕೆ ಬಗ್ಗಿದ. "ಮುಟ್ಟಬೇಡ ಕಣೋ!" ಅಂತ ಕೂಗಿಬಿಟ್ಟೆ. ಹುಡುಗ ಬೆಚ್ಚಿಬಿದ್ದ. ಅಷ್ಟು ಜೋರಾಗಿ ಯಾಕೆ ಕೂಗಿದೆ ಅಂತ ಆಮೇಲೆ ಕೂತು ಯೋಚನೆ ಮಾಡಿದೆ. ಅದು ನನ್ನ ಮಾತಲ್ಲ, ನಮ್ಮಜ್ಜಿ ಮಾತು. ಅವಳು ಸತ್ತು ಮೂವತ್ತು ವರ್ಷದ ಮೇಲಾಯಿತು.

ನಮ್ಮ ಮನೆಯವರು ಊರಾಚೆ ಇರೋ ಒಂದು ತುಂಡು ಹೊಲವನ್ನ ಈಗಲೂ ಗುಡ್ಲು ಹೊಲ ಅಂತಲೇ ಕರೆಯೋದು. ಅಲ್ಲಿ ಗುಡ್ಲೂ ಇಲ್ಲ, ಏನೂ ಇಲ್ಲ. ಅಜ್ಜಿ ಹೇಳ್ತಿದ್ದಳು: ಅವಳು ಹುಡುಗಿಯಾಗಿದ್ದಾಗ ಅಟ್ಟದ ಮೇಲಿಂದ ಇಲಿ ತೊಪ್ಪನೆ ಬಿದ್ದು, ಕುಡಿದವರ ಹಾಗೆ ತೂರಾಡಿ ಸತ್ತರೆ ಸಾಕು, ಮನೆಯವರೆಲ್ಲ ಪಾತ್ರೆ, ರಾಗಿ, ದನ ಕರು ಹೊಡಕೊಂಡು ಹೊಲಕ್ಕೆ ಬಂದು ಸೋಗೆ ಗುಡ್ಲು ಹಾಕ್ಕೊಳ್ಳೋರು. ತಿಂಗಳುಗಟ್ಟಲೆ ಅಲ್ಲೇ. "ಇಲಿ ಬಿದ್ರೆ ಊರು ಬುಡು, ಇನ್ನೊಂದು ಬೀಳೋಗಂಟ ಕಾಯಬ್ಯಾಡ." ಬಗಲಲ್ಲಿ, ತೊಡೆ ಸಂದೀಲಿ ಗಡ್ಡೆ ಎದ್ದು ಜ್ವರ ಬಂದವರು ನಾಲ್ಕೈದು ದಿನಕ್ಕೆ ಹೋಗಿಬಿಡೋರಂತೆ. ಅವಳ ಅಣ್ಣ ಒಬ್ಬ ಹಾಗೇ ಹೋದ. ಅದೇ ಪ್ಲೇಗು.

ಇದರ ಲೆಕ್ಕ ಎಲ್ಲಿಂದ ಶುರು ಅಂದರೆ, ಬೊಂಬಾಯಿಗೆ ಪ್ಲೇಗು ಬಂದಿದ್ದು 1896ರಲ್ಲಿ. ಮರುವರ್ಷ ಪುಣೆಯಲ್ಲಿ ಮನೆ ಮನೆಗೆ ಸಿಪಾಯಿ ನುಗ್ಗಿಸಿ ಹುಡುಕಾಡಿಸಿದ್ದಕ್ಕೆ ಜನ ಸಿಟ್ಟಾಗಿ, ಪ್ಲೇಗ್ ಅಧಿಕಾರಿ ರ್‍ಯಾಂಡ್‌ನನ್ನ ಚಾಪೇಕರ್ ಅಣ್ಣತಮ್ಮಂದಿರು ಗುಂಡಿಟ್ಟು ಕೊಂದರು. ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಮೈಸೂರಿಗೆ ಬರೋಕೆ ತಡ ಆಗಲಿಲ್ಲ. ಮೈಸೂರಿಂದ ನಂಜನಗೂಡಿಗೆ ರೈಲು 1891ರಲ್ಲೇ ಬಂದಿತ್ತು. ನಮ್ಮ ಬದನವಾಳಿನ ಮೇಲೆ ಚಾಮರಾಜನಗರಕ್ಕೆ ಹಳಿ ಹಾಕಿದ್ದು ಆಮೇಲೆ, 1926ಕ್ಕೆ. ದವಸದ ಮೂಟೆ ಹೋದ ಕಡೆ ಇಲಿಯೂ ಹೋಗುತ್ತೆ, ಇಲಿ ಹೋದ ಕಡೆ ಅದರ ಮೈಮೇಲಿನ ಚಿಗಟವೂ ಹೋಗುತ್ತೆ. ಮೈಸೂರಿನ ಇಕ್ಕಟ್ಟು ಕೇರಿಗಳನ್ನ ಬಿಡಿಸಿ ಅಗಲ ರಸ್ತೆ, ಚರಂಡಿ ಮಾಡಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ 1903ರಲ್ಲಿ ಹುಟ್ಟಿದ್ದು ಈ ಭಯದಿಂದಲೇ. ಇಡೀ ದೇಶದಲ್ಲಿ ಆ ಕಾಲದ ಪ್ಲೇಗಿಗೆ ಸತ್ತವರು 1 ಕೋಟಿಗೂ ಹೆಚ್ಚು.

ಇನ್ನು ಕಾಯಿಲೆಗೆ ಕಾರಣ ಹುಡುಕಿದ ಕಥೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಅನ್ನೋ ವೈದ್ಯ ಹೆಣದ ಗಡ್ಡೆಯಿಂದ ರಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ. ಅದರ ತುಂಬ ಒಂದೇ ಥರದ ರೋಗಾಣು. ಅಲ್ಲಿನ ಸತ್ತ ಇಲಿಗಳಲ್ಲೂ ಅದೇ. ಈಗ ಆ ಬ್ಯಾಕ್ಟೀರಿಯಾಕ್ಕೆ ಅವನ ಹೆಸರೇ ಇದೆ, ಯೆರ್ಸೀನಿಯಾ ಪೆಸ್ಟಿಸ್. 1897ರ ಜನವರೀಲಿ ಹಾಫ್ಕಿನ್ ಬೊಂಬಾಯಿಯಲ್ಲಿ ಲಸಿಕೆ ಮಾಡಿ ಮೊದಲು ತನಗೇ ಚುಚ್ಚಿಕೊಂಡ. ಇಲಿಯಿಂದ ಮನುಷ್ಯನಿಗೆ ಹೇಗೆ ದಾಟುತ್ತೆ ಅನ್ನೋದು ಮಾತ್ರ ಒಗಟಾಗೇ ಇತ್ತು. ಅದನ್ನ 1898ರಲ್ಲಿ ಕರಾಚಿಯಲ್ಲಿ ಬಿಡಿಸಿದವನು ಸಿಮಾಂಡ್. ಇಲಿ ಸತ್ತು ಮೈ ತಣ್ಣಗಾದ ಮೇಲೆ ಚಿಗಟ ಬೆಚ್ಚಗಿನ ಇನ್ನೊಂದು ಮೈ ಹುಡುಕುತ್ತೆ. ಇನ್ನೊಂದು ಇಲಿ ಸಿಕ್ಕರೆ ಅದಕ್ಕೆ, ಇಲ್ಲದಿದ್ದರೆ ನಮಗೆ. ಅವನು ಹೇಳಿದ್ದನ್ನ ಮೊದಲು ಯಾರೂ ನಂಬಲಿಲ್ಲ. ಹತ್ತು ವರ್ಷದ ಒಳಗೆ ಬೊಂಬಾಯಿಯಲ್ಲಿ ಪ್ಲೇಗ್ ಕಮಿಷನ್ನಿನವರು ಪರೀಕ್ಷೆ ಮಾಡಿ ಅದು ನಿಜ ಅಂತ ತೋರಿಸಿದರು.

ನಮ್ಮಜ್ಜಿಗೆ ಚಿಗಟದ ವಿಚಾರ ಗೊತ್ತಿರಲಿಲ್ಲ. ಮಾರಮ್ಮನ ಮುನಿಸು ಅಂತಲೇ ನಂಬಿದ್ದಳು, ತಂಬಿಟ್ಟಿನ ಆರತಿ ಎತ್ತುತ್ತಿದ್ದಳು. ಆದರೆ ಮೊದಲು ಇಲಿ, ಆಮೇಲೆ ಮನುಷ್ಯ ಅನ್ನೋ ವರಸೆ ಮಾತ್ರ ಅವಳಿಗೆ ಸರಿಯಾಗಿ ಗೊತ್ತಿತ್ತು. ಇಲಿ ಬಿದ್ದ ಮನೆಯಿಂದ ದೂರ ಹೋದರೆ ಚಿಗಟದಿಂದಲೂ ದೂರ. ಕಾರಣ ತಪ್ಪಿದ್ದರೂ ಕೆಲಸ ಸರಿಯಾಗಿತ್ತು.

ಔಷಧಿ ಬಂತು, ಡಿ.ಡಿ.ಟಿ. ಬಂತು, ಪ್ಲೇಗು ಕಡಿಮೆ ಆಗುತ್ತಾ ಹೋಯಿತು. ನಮ್ಮ ದೇಶದಲ್ಲಿ ಪ್ರಯೋಗಾಲಯದಲ್ಲಿ ಖಚಿತವಾದ ಕೊನೆಯ ಪ್ಲೇಗು ಅಂತ ಬಹಳ ಕಾಲ ಲೆಕ್ಕದಲ್ಲಿ ಇದ್ದಿದ್ದು 1966ರದು. ಎಲ್ಲಿ ಗೊತ್ತಾ? ನಮ್ಮ ಕರ್ನಾಟಕದಲ್ಲೇ, ಕೋಲಾರ ಜಿಲ್ಲೆ ಮುಳಬಾಗಿಲಿನಲ್ಲಿ. ಅಲ್ಲಿಂದಾಚೆ ಮನುಷ್ಯರಲ್ಲಿ ಇಲ್ಲ ಅಂತ ಎಲ್ಲರೂ ಮರೆತರು.

ಮನುಷ್ಯರಲ್ಲಿ ಇಲ್ಲ ಅಂದರೆ ಕಾಡಲ್ಲೂ ಇಲ್ಲ ಅಂತ ಅರ್ಥ ಅಲ್ಲ. ಮನೆ ಇಲಿಗೆ ಪ್ಲೇಗು ಹತ್ತಿದರೆ ಬೇಗ ಸಾಯುತ್ತೆ. ಬಯಲಿನ ಬಿಲದಲ್ಲಿ ಇರೋ ಕೆಲವು ಜಾತಿ ಇಲಿ ಹಾಗಲ್ಲ. ಬಾಲದ ತುದೀಲಿ ಕಪ್ಪು ಕೂದಲ ಕುಚ್ಚು ಇರೋ, ಕಾಲು ಉದ್ದ ಇರೋ, ಕುಪ್ಪಳಿಸಿ ಓಡೋ ಇಲಿ ನೀವು ಹೊಲದಲ್ಲಿ ರಾತ್ರಿ ಬ್ಯಾಟರಿ ಬೆಳಕಿಗೆ ನೋಡಿರ್ತೀರಿ. ಅದನ್ನ ಜರ್ಬಿಲ್ ಅಂತಾರೆ. ಅದು ರೋಗಾಣುವನ್ನ ತಡಕೊಂಡು ಬದುಕುತ್ತೆ, ಬಿಲದಿಂದ ಬಿಲಕ್ಕೆ ದಾಟಿಸುತ್ತೆ. ಅದಕ್ಕೇ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕ ಇಟ್ಟಿರೋದು. ಅವರು ಕೋಲಾರದ ಕಡೆ, ತಮಿಳುನಾಡು ಆಂಧ್ರದ ಗಡಿ ಊರುಗಳಲ್ಲಿ ಇಲಿ ಹಿಡಿದು ಪರೀಕ್ಷೆ ಮಾಡ್ತಾರೆ. ಊರ ನಾಯಿಗಳ ರಕ್ತವನ್ನೂ ನೋಡ್ತಾರೆ. ನಾಯಿ ಇಲಿ ತಿನ್ನುತ್ತೆ, ಆದರೆ ಪ್ಲೇಗಿಗೆ ಸಾಯೋದು ಅಪರೂಪ, ಗುರುತು ಮಾತ್ರ ರಕ್ತದಲ್ಲಿ ಉಳಿಯುತ್ತೆ. ಒಂದು ನಾಯಿ ನೋಡಿದರೆ ನೂರು ಇಲಿ ನೋಡಿದ ಹಾಗೆ.

ಮರೆತಿದ್ದಕ್ಕೆ ಬೆಲೆ ತೆತ್ತಿದ್ದು 1994ರಲ್ಲಿ. ಅದರ ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ಲಾತೂರಿನ ಭೂಕಂಪ ಆಗಿತ್ತು. ಪಕ್ಕದ ಬೀಡ್ ಜಿಲ್ಲೇಲೂ ಜನ ಬಿರುಕು ಬಿಟ್ಟ ಮನೆಗಳನ್ನ ಬಿಟ್ಟು ಆಚೆ ಮಲಗಿದರು. ಮನೇಲಿ ದವಸ ಉಳೀತು, ಇಲಿ ಹೆಚ್ಚಿದವು. 1994ರ ಆಗಸ್ಟಿನಲ್ಲಿ ಬೀಡಿನ ಮಾಮ್ಲಾ ಅನ್ನೋ ಹಳ್ಳೀಲಿ ಇಲಿ ಬಿದ್ದವು, ಚಿಗಟದ ಕಾಟ ಹೆಚ್ಚಾಯಿತು, ಆಮೇಲೆ ಜನಕ್ಕೆ ಗಡ್ಡೆ ಜ್ವರ. ಸೆಪ್ಟೆಂಬರಿನಲ್ಲಿ ಸೂರತ್. ಅಲ್ಲಿಂದ ಲಕ್ಷಾಂತರ ಜನ ರೈಲು ಬಸ್ಸು ಹತ್ತಿ ಓಡಿದರು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಹೊರದೇಶದವರು ವಿಮಾನ ನಿಲ್ಲಿಸಿದರು, ನಮ್ಮ ಸರಕು ಬೇಡ ಅಂದರು.

ಅಷ್ಟೆಲ್ಲ ಆದರೂ ಇದು ಪ್ಲೇಗೇ ಹೌದಾ ಅಂತ ಜಗಳ ನಿಲ್ಲಲಿಲ್ಲ. ಅಲ್ಲ, ಬೇರೆ ಕಾಯಿಲೆ ಅಂತ ದೊಡ್ಡ ದೊಡ್ಡವರೇ ವಾದ ಮಾಡಿದರು. ಹಳೇ ಪದ್ಧತೀಲಿ ರೋಗಾಣುವನ್ನ ಬೆಳೆಸಿ ನೋಡೋಕೆ ದಿನ ಹಿಡಿಯುತ್ತೆ, ಮೊದಲೇ ಮಾತ್ರೆ ನುಂಗಿದ್ದರೆ ಅದು ಬೆಳೆಯೋದೂ ಇಲ್ಲ. ಕೊನೆಗೆ ಜಗಳ ಬಗೆಹರಿಸಿದ್ದು ವಂಶವಾಹಿ ಪರೀಕ್ಷೆ. 1994ರಲ್ಲಿ ಸಿಕ್ಕ ರೋಗಾಣುಗಳ ಡಿ.ಎನ್.ಎ.ಯನ್ನ ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ಅಕ್ಷರ ಅಕ್ಷರವಾಗಿ ಓದಿ, ಇದು ಯೆರ್ಸೀನಿಯಾ ಪೆಸ್ಟಿಸೇ ಅಂತ 2000ದಲ್ಲಿ ಪ್ರಕಟಿಸಿದರು.

ಈ ಪರೀಕ್ಷೆ ಹೇಗೆ ಅಂತ ನಮ್ಮ ಭಾಷೇಲಿ ಹೇಳ್ತೀನಿ. ಒಂದು ಚೀಲ ರಾಗೀಲಿ ಬೇರೆ ತಳಿಯ ಒಂದೇ ಒಂದು ಕಾಳು ಸೇರಿದೆ ಅನ್ಕೊಳ್ಳಿ. ಕಣ್ಣಲ್ಲಿ ಹುಡುಕಿದರೆ ಸಿಗಲ್ಲ. ಆ ತಳಿ ಒಂದೇ ಮೊಳೆಯೋ ಹಾಗೆ, ಮಿಕ್ಕಿದ್ದು ಮೊಳೆಯದ ಹಾಗೆ ಒಂದು ಮಡಿ ಮಾಡಿ ಇಡೀ ಚೀಲ ಬಿತ್ತಿದರೆ? ಆ ಒಂದು ಕಾಳು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ 100 ಕೋಟಿ ದಾಟುತ್ತೆ. ಆಗ ಕುರುಡನಿಗೂ ಗೊತ್ತಾಗುತ್ತೆ. ಪಿ.ಸಿ.ಆರ್. ಅಂದರೆ ಇಷ್ಟೇ. ಕೊರೊನಾ ಕಾಲದಲ್ಲಿ ನಮ್ಮ ಮೂಗಿಗೆ ಕಡ್ಡಿ ಹಾಕಿ ಮಾಡಿದ್ದೂ ಇದನ್ನೇ. ಸತ್ತ ಇಲಿಯ ಒಂದು ಚೂರು ಗುಲ್ಮದಲ್ಲಿ, ಅದರ ಮೈಮೇಲಿನ ಒಂದು ಚಿಗಟದಲ್ಲಿ ರೋಗಾಣು ಜೀವ ಕಳಕೊಂಡಿದ್ದರೂ ಅದರ ಡಿ.ಎನ್.ಎ. ಇದ್ದರೆ ಸಾಕು, ಕೆಲವೇ ಗಂಟೇಲಿ ತಿಳಿಯುತ್ತೆ.

ಇದರ ಉಪಯೋಗ 2002ರಲ್ಲಿ ಕಾಣಿಸಿತು. ಹಿಮಾಚಲದ ಶಿಮ್ಲಾ ಜಿಲ್ಲೇಲಿ ಬೇಟೆಗೆ ಹೋದವನೊಬ್ಬ ಕಾಡುಬೆಕ್ಕು ಹೊಡೆದು ಚರ್ಮ ಸುಲಿದಿದ್ದನಂತೆ. ಅವನಿಗೆ ಜ್ವರ, ಅವನಿಂದ ಮನೆಯವರಿಗೆ, ಆಸ್ಪತ್ರೇಲಿದ್ದವರಿಗೆ. 16 ಜನಕ್ಕೆ ಹತ್ತಿ 4 ಜನ ಸತ್ತರು. ಈ ಸಲ ವಂಶವಾಹಿ ಪರೀಕ್ಷೆಯಿಂದ ಪ್ಲೇಗು ಅಂತ ಖಚಿತ ಆಯಿತು, ಸುತ್ತಲಿನವರಿಗೆ ಔಷಧಿ ಕೊಟ್ಟು ಅಲ್ಲಲ್ಲೇ ತಡೆದರು. ಸೂರತ್ತಿನ ಥರ ಊರಿಗೆ ಊರೇ ಓಡಲಿಲ್ಲ.

ಇನ್ನೂ ಒಂದು ಆಶ್ಚರ್ಯ. ಕಿರ್ಗಿಸ್ತಾನದಲ್ಲಿ 1338-39ರ ಸಮಾಧಿಗಳಿವೆ, ಕಲ್ಲಿನ ಮೇಲೆ ಬೇನೆಯಿಂದ ಸತ್ತರು ಅಂತ ಬರೆದಿದೆ. ಆ ಹೆಣಗಳ ಹಲ್ಲಿನೊಳಗಿಂದ ಪ್ಲೇಗಿನ ಡಿ.ಎನ್.ಎ. ತೆಗೆದು 2022ರಲ್ಲಿ ಪ್ರಕಟಿಸಿದರು. ಯುರೋಪಿನಲ್ಲಿ ಕೋಟ್ಯಂತರ ಜನರನ್ನ ಕೊಂದ ದೊಡ್ಡ ಪ್ಲೇಗಿನ ಮೂಲ ತಳಿ ಅದು. ಅದಕ್ಕೆ ಹತ್ತಿರದ ನೆಂಟ ರೋಗಾಣುಗಳು ಅದೇ ಬೆಟ್ಟಗಳಲ್ಲಿ ಮಾರ್ಮಟ್ ಅನ್ನೋ ಬಿಲದ ಪ್ರಾಣಿಯಲ್ಲಿ ಈಗಲೂ ಇವೆ. ಸುಮಾರು 700 ವರ್ಷ! ರಾಜರು ಹೋದರು, ರಾಜ್ಯ ಹೋದವು, ಬಿಲದೊಳಗಿನದು ಹೋಗಲಿಲ್ಲ.

ಹಾಗಂತ ಯಂತ್ರ ಹೇಳಿದ್ದೆಲ್ಲ ವೇದ ಅಲ್ಲ. ಪ್ಲೇಗು ಹುಡುಕೋಕೆ ಬಳಸೋ ಒಂದು ವಂಶವಾಹಿ ಗುರುತು, ಪ್ಲೇಗೇ ಇಲ್ಲದ ಯುರೋಪಿನ ಕೆಲವು ಇಲಿಗಳಲ್ಲೂ ಬೇರೆ ಬ್ಯಾಕ್ಟೀರಿಯಾದಿಂದ ಸಿಕ್ಕಿತ್ತು. ಅದಕ್ಕೆ ಈಗ ಎರಡು ಮೂರು ಗುರುತು ತಾಳೆ ನೋಡ್ತಾರೆ. ನಾವು ದನ ಕೊಳ್ಳುವಾಗ ಹಲ್ಲು ಒಂದೇ ನೋಡ್ತೀವಾ? ಸುಳಿ, ನಡೆ ಎಲ್ಲ ನೋಡಲ್ವಾ, ಹಾಗೆ.

ಈಗ ನೀವು ಕೇಳಬಹುದು, ಪ್ಲೇಗು ನಮ್ಮ ಕಡೆ ಇಲ್ಲವಲ್ಲ, ನಮಗ್ಯಾಕಪ್ಪ ಇದು ಅಂತ. ಇಲಿ ಹೊತ್ತು ತರೋದು ಪ್ಲೇಗು ಒಂದೇ ಅಲ್ಲ. ಇಲಿ ಜ್ವರ ಅಂತೀವಲ್ಲ, ಲೆಪ್ಟೋಸ್ಪೈರಾ ಅನ್ನೋ ಬ್ಯಾಕ್ಟೀರಿಯಾದ್ದು, ಅದು ಇಲಿಯ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡಿರುತ್ತೆ. ಇಲಿಗೆ ಏನೂ ಆಗಲ್ಲ. ಉಚ್ಚೆಯಿಂದ ಗದ್ದೆ ನೀರಿಗೆ, ನೀರಿಂದ ನಮ್ಮ ಕಾಲಿನ ಗಾಯದ ಮೂಲಕ ಒಳಕ್ಕೆ. ದನ, ನಾಯಿ, ಹಂದಿ ಮೂಲಕವೂ ಬರುತ್ತೆ. ಇದರಲ್ಲಿ ಇಲಿ ಬೀಳೋದಿಲ್ಲ, ಅಜ್ಜಿಯ ಗುರುತು ಇಲ್ಲಿ ನಡೆಯಲ್ಲ. ಪರೀಕ್ಷೆಯೇ ಗತಿ.

ಇದನ್ನ ಕಷ್ಟಪಟ್ಟು ಕಲಿತಿದ್ದೀನಿ. ತಿ. ನರಸೀಪುರದ ಕಡೆ ನಾಲೆ ಗದ್ದೆ ಮಾಡೋ ನನ್ನ ಭಾವಮೈದನಿಗೆ ನಾಟಿ ಕಾಲದಲ್ಲಿ ಜ್ವರ ಬಂತು. ಮೀನಖಂಡ ಹಿಡಿದು ಅಳೋ ಅಷ್ಟು ನೋವು, ಕಣ್ಣು ಕೆಂಪು, ಆಮೇಲೆ ಹಳದಿ. ಕಾಮಾಲೆ ಅಂತ ಹೇಳಿ ಸೊಪ್ಪಿನ ಔಷಧಿ ಕುಡಿಸಿದೆವು, ಪಥ್ಯ ಮಾಡಿಸಿದೆವು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ಒಂಬತ್ತನೇ ದಿನ ಉಚ್ಚೆ ನಿಂತ ಮೇಲೆ ಮೈಸೂರಿಗೆ ಹೊತ್ತುಕೊಂಡು ಹೋದೆವು. ಡಯಾಲಿಸಿಸ್ ಮಾಡಿಸಿ ಉಳಿಸಿಕೊಂಡೆವು, ಆದರೆ ಒಂದು ಜೊತೆ ಎತ್ತು, ಅವನ ಹೆಂಡತಿ ಓಲೆ ಹೋದವು. ಮೊದಲ ವಾರದಲ್ಲೇ ರಕ್ತ ಕೊಟ್ಟಿದ್ದರೆ ಪಿ.ಸಿ.ಆರ್.ನಲ್ಲಿ ತಿಳೀತಿತ್ತು, ಕಡಿಮೆ ಬೆಲೆ ಮಾತ್ರೇಲೇ ವಾಸಿ ಆಗೋದು ಅಂತ ಡಾಕ್ಟರು ಹೇಳಿದಾಗ ನಾನು ತಲೆ ಎತ್ತಲಿಲ್ಲ.

ಅದಕ್ಕೇ ಇಷ್ಟು ಉದ್ದ ಬರೆದಿದ್ದು. ಗದ್ದೆಗೆ ಇಳಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ "ನಾನು ಗದ್ದೆ ಕೆಲಸ ಮಾಡ್ತೀನಿ" ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಕಾಲಲ್ಲಿ ಗಾಯ ಇದ್ದರೆ ಬೂಟು ಹಾಕಿ, ಇಲ್ಲ ಅವತ್ತು ಇಳೀಬೇಡಿ. ಸತ್ತ ಇಲಿ, ಮೊಲ, ಕಾಡುಬೆಕ್ಕು ಏನೇ ಇರಲಿ ಬರಿಗೈಲಿ ಮುಟ್ಟಬೇಡಿ, ಸುಲಿಯಬೇಡಿ. ಕಾರಣ ಇಲ್ಲದೆ ಇಲಿಗಳು ಸಾಲು ಸಾಲಾಗಿ ಬಿದ್ದರೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ನಗ್ತಾರೆ ಅಂತ ಸುಮ್ಮನಿರಬೇಡಿ.

ಸೋಮವಾರದ ಆರು ಇಲಿ ಏನಾಯಿತು ಅಂತ ಕೇಳ್ತೀರಿ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು, ಸನಿಕೇಲಿ ಎತ್ತಿ, ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದೆ. ಆಮೇಲೆ ಪಕ್ಕದ ತೋಟದವರನ್ನ ಕೇಳಿದೆ. "ಅಯ್ಯೋ ಅಣ್ಣ, ನಾನೇ ಶನಿವಾರ ಪಾಷಾಣ ಇಟ್ಟಿದ್ದೆ, ಹೇಳೋದು ಮರೆತೆ" ಅಂದರು. ಆ ಆರು ಇಲಿ ಮಟ್ಟಿಗೆ ಮನಸ್ಸು ಹಗುರ ಆಯಿತು. ಆದರೂ ಅಲ್ಲೇ ಹೇಳಿ ಬಂದೆ, ಇನ್ನು ಮೇಲೆ ಪಾಷಾಣ ಇಟ್ಟರೆ ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿ ಅಂತ. ಇಟ್ಟದ್ದು ಗೊತ್ತಿದ್ದರೆ ತಾನೇ, ಇಡದೆ ಬಿದ್ದ ಇಲಿ ಯಾವುದು ಅಂತ ಗೊತ್ತಾಗೋದು.