ಆಗಸದ ದಾರಿಗೆ ಕಾವಲು ಯಾರದು?

ವಿಮಾನಗಳಿಗೆ ದಾರಿ ತೋರುವುದು ಸರ್ಕಾರದ ಇಲಾಖೆಯದೇ ಕೆಲಸವೆಂಬ ನಂಬಿಕೆ ಬಹುಕಾಲ ಲೋಕದಲ್ಲಿ ಬೇರೂರಿತ್ತು. 1987ರಲ್ಲಿ ನ್ಯೂಜಿಲೆಂಡ್ ಈ ಸೇವೆಯನ್ನು ಇಲಾಖೆಯಿಂದ ಬೇರ್ಪಡಿಸಿ ಸರ್ಕಾರಿ ಒಡೆತನದ ನಿಗಮಕ್ಕೆ ಒಪ್ಪಿಸಿತು.

ಕೆನಡಾ ಇನ್ನೂ ಮುಂದೆ ಸಾಗಿತು. ಅಲ್ಲಿ ಸಾರಿಗೆ ಇಲಾಖೆಯೇ ಸೇವೆಯನ್ನು ನಡೆಸುತ್ತ, ಅದರ ಸುರಕ್ಷತೆಯನ್ನೂ ತಾನೇ ಪರೀಕ್ಷಿಸುತ್ತಿತ್ತು. ವಿದ್ಯಾರ್ಥಿ ತನ್ನ ಉತ್ತರಪತ್ರಿಕೆಗೆ ತಾನೇ ಅಂಕವಿತ್ತಂತೆ. ಬೊಕ್ಕಸದ ಕೊರತೆಯಿಂದ ನೌಕರರ ವೇತನವೂ ಸ್ಥಗಿತಗೊಂಡಿತ್ತು. 1996ರ ನವೆಂಬರ್ 1ರಂದು ‘ನ್ಯಾವ್ ಕೆನಡಾ’ ಎಂಬ ಷೇರುದಾರರಿಲ್ಲದ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಇಡೀ ವ್ಯವಸ್ಥೆಯನ್ನು 150 ಕೋಟಿ ಕೆನಡಾ ಡಾಲರಿಗೆ ಕೊಂಡಿತು. ಅದರ ಆಡಳಿತ ಮಂಡಳಿಗೆ ಸರ್ಕಾರ, ವಿಮಾನ ಸಂಸ್ಥೆಗಳು, ನೌಕರರ ಸಂಘಗಳು ಸದಸ್ಯರನ್ನು ಕಳುಹಿಸುತ್ತವೆ. ಟಿಕೆಟ್ಟಿನ ಮೇಲಿನ ತೆರಿಗೆಯ ಸ್ಥಾನಕ್ಕೆ ಸೇವಾಶುಲ್ಕ ಬಂತು. ಸುರಕ್ಷತೆಯ ಮೇಲ್ವಿಚಾರಣೆ ಮಾತ್ರ ಇಲಾಖೆಯಲ್ಲೇ ಉಳಿಯಿತು.

ಈ ಏರ್ಪಾಟು ದೋಷರಹಿತವೇನಲ್ಲ. 2020ರ ಮಹಾಮಾರಿಯಲ್ಲಿ ಹಾರಾಟ ಕುಸಿದಾಗ ಆದಾಯವೂ ಕುಸಿದು, ಶುಲ್ಕವನ್ನು ಸರಾಸರಿ ಶೇ. 29.5ರಷ್ಟು ಏರಿಸಬೇಕಾಯಿತು.

ನಮ್ಮಲ್ಲಿ 1995ರ ಏಪ್ರಿಲ್ 1ರಂದು ಎರಡು ಪ್ರಾಧಿಕಾರಗಳು ಕೂಡಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವಾಯಿತು. ನಿಲ್ದಾಣಗಳ ನಿರ್ವಹಣೆ, ಆಗಸದ ಸಂಚಾರ ನಿಯಂತ್ರಣಗಳೆರಡೂ ಅದರ ಹೆಗಲಿಗೇರಿದವು. ಸುರಕ್ಷತೆಯ ನಿಯಮಪಾಲನೆಯನ್ನು ನೋಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ.

ಒಡೆತನ ಯಾರದೇ ಇರಲಿ, ಕೆಲಸ ಮಾಡುವವನೂ ಕೆಲಸವನ್ನು ಅಳೆಯುವವನೂ ಒಬ್ಬನೇ ಆಗಬಾರದು. ಆಗಸದಲ್ಲಿರುವ ಪ್ರಯಾಣಿಕನ ಪ್ರಾಣ ಈ ಸರಳ ವಿವೇಕವನ್ನು ನೆಚ್ಚಿಕೊಂಡಿದೆ.