ಬೋರು, ಪಾಸು, ಸ್ಟಾರ್ಟು: ಎರವಲು ಪದಗಳಿಗೆ ವಿಭಕ್ತಿ ಹತ್ತುವ ಬಗೆ

ಇಂಗ್ಲಿಷಿನಲ್ಲಿ ಒಂದೇ ಪದ ರೂಪ ಬದಲಿಸದೆ ನಾಮಪದವೂ ಕ್ರಿಯಾಪದವೂ ಆಗಬಲ್ಲದು. ಕನ್ನಡಕ್ಕೂ ಇದು ಹೊಸದಲ್ಲ. ನಡೆ, ನುಡಿ, ಓದು, ಬೆಳೆ, ಕಟ್ಟು ಇವು ಧಾತುಗಳೂ ಹೌದು, ನಾಮಗಳೂ ಹೌದು. ಇಂಗ್ಲಿಷ್ ಎರವಲುಗಳ ಬಗ್ಗೆ ಒಪ್ಪಿತ ಮಾತು ಹೀಗಿದೆ: ಮೂಲದಲ್ಲಿ ಏನೇ ಆಗಿರಲಿ, ಕನ್ನಡಕ್ಕೆ ಬಂದೊಡನೆ ಅವು ನಾಮಪದಗಳು, ಕ್ರಿಯೆ ಬೇಕಾದರೆ ‘ಮಾಡು’ ಅಥವಾ ‘ಆಗು’ ಸೇರಿಸಬೇಕು. ಎರಡನೆಯ ಮಾತು ಸರಿ. ಮೊದಲನೆಯದನ್ನು ಹಾಗೇ ಒಪ್ಪಲಾಗದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಆಡುಮಾತಿನಲ್ಲಿ ಇದನ್ನು ನೋಡಬಹುದು. ಈ ಊರುಗಳು ಇಂದು ವಿಜಯನಗರ ಜಿಲ್ಲೆಯಲ್ಲಿವೆ. 1953ರವರೆಗೆ ಈ ಸೀಮೆ ಮದ್ರಾಸಿನ ಆಡಳಿತದ ಬಳ್ಳಾರಿ ಜಿಲ್ಲೆಯದಾಗಿತ್ತು. ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ತನ್ನ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿದ. ಇಂಗ್ಲಿಷಿನ ಒಂದು ಪದಕ್ಕೆ ಎರಡು ವ್ಯಾಕರಣವರ್ಗಗಳಿದ್ದಲ್ಲಿ ನಿಘಂಟುಕಾರ ಕನ್ನಡದಲ್ಲಿ ಎರಡು ಉತ್ತರ ಹುಡುಕಲೇಬೇಕು. ಜನರ ಬಾಯಿ ಆ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದೆ.

ಮಳೆ ಕಡಿಮೆಯ ಈ ಸೀಮೆಯಲ್ಲಿ ‘ಬೋರು’ ದಿನನಿತ್ಯದ ಮಾತು. ಬೋರಿಗೆ ಮೋಟರ್ ಇಳಿಸುತ್ತಾರೆ, ಬೋರಿನ ನೀರು ಎನ್ನುತ್ತಾರೆ, ಎರಡು ಬೋರು ಬತ್ತಿದವು ಎನ್ನುತ್ತಾರೆ. ಬೇಸರದ ‘ಬೋರ್’ ಮಾತ್ರ ‘ಆಯ್ತು’, ‘ಹೊಡೀತು’ಗಳ ಪಕ್ಕ ಬಿಟ್ಟು ಕದಲುವುದಿಲ್ಲ, ಅದಕ್ಕೆ ವಿಭಕ್ತಿ ಹತ್ತದು. ಆದರೆ ಇವೆರಡರ ಮೂಲ ಒಂದೇ ಎಂಬುದು ಇಂಗ್ಲಿಷಿನಲ್ಲೇ ನಿಶ್ಚಿತವಲ್ಲ. ಆದ್ದರಿಂದ ಇದೊಂದರ ಮೇಲೆ ವಾದ ಕಟ್ಟುವಂತಿಲ್ಲ.

‘ಪಾಸು’ ಗಟ್ಟಿ ಸಾಕ್ಷಿ. ಬಸ್ ಪಾಸಿಗೆ ಅರ್ಜಿ ಹಾಕಬಹುದು, ಪಾಸನ್ನು ಕಂಡಕ್ಟರಿಗೆ ತೋರಿಸಬಹುದು. ‘ಎಸ್ಸೆಸ್ಸೆಲ್ಸಿ ಪಾಸಾದ’ ಎಂಬಲ್ಲಿನ ‘ಪಾಸ್’ಗೆ ಆ ಸ್ವಾತಂತ್ರ್ಯವಿಲ್ಲ. ‘ಮಾಡು’, ‘ಆಗು’ಗಳ ಜೊತೆಗೆ ಬಂದ ಮಾತ್ರಕ್ಕೆ ಪದ ಪರತಂತ್ರವಾಗುವುದಿಲ್ಲವೆಂಬ ಆಕ್ಷೇಪ ಏಳಬಹುದು. ನಿಜ, ‘ಊಟ ಮಾಡಿದ’ ಎಂಬಲ್ಲಿಯ ಊಟ ಅಪ್ಪಟ ನಾಮಪದವೇ. ಅದಕ್ಕೇ ಪರೀಕ್ಷೆಯನ್ನು ಸಹಾಯಕ ಕ್ರಿಯಾಪದದ ಹೊರಗೆ ನಡೆಸಬೇಕು: ಊಟಕ್ಕೆ ಕರೆಯಬಹುದು, ಫೋನನ್ನು ಚಾರ್ಜಿಗೆ ಹಾಕಬಹುದು, ಎಸ್ಸೆಸ್ಸೆಲ್ಸಿಯ ‘ಪಾಸ್’ಗೆ ಅಂಥ ಜಾಗವೇ ಇಲ್ಲ.

ಇನ್ನೂ ಸ್ಪಷ್ಟವಾದದ್ದು ‘ಸ್ಟಾರ್ಟ್’. ಇಂಗ್ಲಿಷಿನಲ್ಲಿ ಅದು ಎರಡೂ ವರ್ಗಕ್ಕೆ ಸೇರಿದ್ದು. ಇಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗುತ್ತದೆ. ಮೊದಮೊದಲು ಎನ್ನಲು ಮಾತ್ರ ‘ಸ್ಟಾರ್ಟಿಂಗ್‌ನಲ್ಲಿ’. ಸಪ್ತಮಿ ಬೇಕಾದಾಗ ಆಡುಮಾತು ಬೇರೆ ರೂಪವನ್ನೇ ಆರಿಸಿಕೊಂಡಿದೆ. ಎಂದರೆ, ಇಂಥ ಕೆಲವು ಎರವಲುಗಳು ನಾಮಪದಗಳಾಗಿ ಅಲ್ಲ, ವರ್ಗ ನಿಶ್ಚಯವಾಗದ ಪ್ರಕೃತಿಗಳಾಗಿ ಒಳಬಂದಿರಬೇಕು. ಈ ಮಾತು ಎಲ್ಲ ಎರವಲುಗಳಿಗೂ ಅನ್ವಯಿಸದು. ಇದು ಆಡುನುಡಿಯ ಮಾತು, ‘-ಇಸು’ ಹಚ್ಚಿ ಕಟ್ಟಿದ ಬರಹದ ‘ಟೈಪಿಸು’ವಿನಂಥ ರೂಪಗಳದಲ್ಲ. ಕ್ರಿಕೆಟ್ ಮಾತಿನಲ್ಲಿ ‘ಒಳ್ಳೇ ಸ್ಟಾರ್ಟ್ ಸಿಕ್ತು’ ಎನ್ನುವುದೂ ಉಂಟು. ಹೀಗಾಗಿ ಗಡಿ ಗೀಟೆಳೆದಂತಿಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದದ್ದನ್ನು ಎರವಲು ಪದಗಳ ಮಟ್ಟಿಗೂ ಪಾಲಿಸಿದರೆ, ಇಂಗ್ಲಿಷ್ ನಿಘಂಟಿನ ಹಣೆಪಟ್ಟಿಗಿಂತ ಕನ್ನಡದ ವಿಭಕ್ತಿಯೇ ಪ್ರಮಾಣವಾಗುತ್ತದೆ.

ಎರಡು ಪ್ರಶ್ನೆಗಳು ಉಳಿಯುತ್ತವೆ. ತೆಲುಗೂ ‘ಚೇಯು’, ‘ಅವು’ಗಳನ್ನು ಸೇರಿಸಿ ಎರವಲುಗಳಿಂದ ಕ್ರಿಯಾಪದ ಕಟ್ಟುವುದರಿಂದ, ಎರಡೂ ನುಡಿಗಳು ಬೆರೆತ ಬಳ್ಳಾರಿ ಸೀಮೆಯಲ್ಲಿ ಯಾವುದರ ಪ್ರಭಾವ ಯಾವುದರ ಮೇಲಾಯಿತೆಂದು ಬಿಡಿಸಬೇಕು. ಇನ್ನೊಂದು ಕಾಲದ್ದು: ‘ಮಾಡು’, ‘ಆಗು’ಗಳೊಡನೆಯೇ ಹೆಚ್ಚಾಗಿ ಬಳಕೆಯಾಗುವ ಅರಬ್ಬೀ ಮೂಲದ ‘ರದ್ದು’ ಇಂದು ‘ರದ್ದಿಗೆ ಆಗ್ರಹ’ ಎಂದು ಪತ್ರಿಕೆಗಳ ತಲೆಬರಹದಲ್ಲಿ ಚತುರ್ಥಿ ಹೊತ್ತು ಬರುತ್ತದೆ. ಪರೀಕ್ಷೆಯ ‘ಪಾಸ್’ ಕೂಡ ಅದೇ ದಾರಿ ಹಿಡಿಯಬಹುದೇ ಎಂಬುದನ್ನು ಮುಂದಿನ ತಲೆಮಾರಿನ ಮಾತನ್ನು ದಾಖಲಿಸಿಯೇ ಹೇಳಬೇಕು.